ಸೆಕೆಂಡ್ ಹ್ಯಾಂಡ್ ನೀರು

ನಮ್ಮಿಬ್ಬರ ಮನೆಗೂ ಗೋಡೆ ಒಂದೇ.
ಆಚೆ ಗಲೀಮಾ, ಈಚೆ ನಾನು, ನೆವಿಲ್ ಅಡೋನಿಸ್,
ಮೂವತ್ತು ವರ್ಷ ಕೇಪ್‌ಟೌನಿನ ಬಸ್ಸು ಓಡಿಸಿ
ಈಗ ಬರೀ ಕುರ್ಚಿ ಓಡಿಸುವವನು.

ಬೆಳಗಿನ ಐದಕ್ಕೆ, ಮಸೀದಿಯ ಕರೆ ಕೇಳಿದ್ದೇ ತಡ,
ಗೋಡೆಯೊಳಗೆ ನೀರು ಬೀಳುವ ಸದ್ದು.
ಮೊದಲು ಖಾಲಿ ಬಕೆಟ್ಟಿನ ತಳಕ್ಕೆ ಟಣಟಣ,
ಆಮೇಲೆ ಗುಳುಗುಳು,
ಕೊನೆಗೆ ಗಂಟಲವರೆಗೆ ಬಂದು ನಿಂತ ಮಾತಿನ ಹಾಗೆ ಮೆತ್ತಗೆ.
ಅಷ್ಟಕ್ಕೆ ನಲ್ಲಿ ಬಂದ್.
ಅಲಾರಂ ಇಡುವುದನ್ನೇ ಬಿಟ್ಟಿದ್ದೆ ನಾನು.

ಆ ಬರದ ವರ್ಷ ಎಲ್ಲರ ಬಚ್ಚಲಲ್ಲೂ ಬಕೆಟ್ಟಿತ್ತು.
ತಲೆಗೆ ಐವತ್ತು ಲೀಟರು, ಎರಡು ನಿಮಿಷದ ಸ್ನಾನ,
ಅಣೆಕಟ್ಟಿನಲ್ಲಿ ಶೇಕಡಾ ಎಷ್ಟೆಂದು
ಕ್ರಿಕೆಟ್ ಸ್ಕೋರಿನಂತೆ ಬೀದಿಯಲ್ಲಿ ಕೇಳುತ್ತಿದ್ದೆವು.
ಮಳೆ ಬಂತು. ಅಣೆಕಟ್ಟು ತುಂಬಿತು.
ನನ್ನ ಬಕೆಟ್ಟು ಷೆಡ್ಡಿಗೆ ಹೋಗಿ
ಸ್ಪ್ಯಾನರು, ತುಕ್ಕು ಮೊಳೆ, ಒಂಟಿ ಕೈಗವಸು ತುಂಬಿಕೊಂಡಿತು.
ಅವಳದು ಇದ್ದಲ್ಲೇ ಇತ್ತು.

“ಮಳೆ ಬಂದು ನಾಲ್ಕು ವರ್ಷವಾಯ್ತು ಗಲೀಮಾ,
ಸುದ್ದಿ ಮುಟ್ಟಲಿಲ್ಲವೇ ನಿನಗೆ?”
ಬಗ್ಗಿದವಳು ತಲೆಯೆತ್ತದೆ ಹೇಳಿದಳು:
“ನನಗೆ ಮುಟ್ಟಿತು. ನನ್ನ ಕೈಗೆ ಮುಟ್ಟಿಲ್ಲ.”

ಬಿಸಿನೀರು ಬರುವ ಮುಂಚಿನ ತಣ್ಣೀರು,
ಅಕ್ಕಿ ತೊಳೆದ ಬಿಳಿನೀರು,
ನಮಾಜಿಗೆ ಮುನ್ನ ಕೈಕಾಲಿಂದ ಇಳಿದ ನೀರು,
ಎಲ್ಲಕ್ಕೂ ಒಂದೇ ವಿಳಾಸ: ಹಿತ್ತಲ ನಿಂಬೆಗಿಡ.
ತುಂಬಿದ ಕೊಡ ತುಳುಕುವುದಿಲ್ಲ ಎಂದವರು
ಬಕೆಟ್ಟು ಹಿಡಿದು ಹಿತ್ತಲ ಮೆಟ್ಟಿಲು ಇಳಿದವರಲ್ಲ.
ಪ್ರತಿ ಮೆಟ್ಟಿಲಿಗೂ ಒಂದಿಷ್ಟು ಪಾಲು;
ಮೂರನೆಯದರ ಬಿರುಕಲ್ಲಿ ಅದನ್ನೇ ನಂಬಿ
ಪುದೀನದ ಒಂದು ಕುಡಿ ಸಂಸಾರ ಹೂಡಿತ್ತು.

ಜಿಪುಣಿ ಎಂದು ಬೀದಿಗೆಲ್ಲ ಹೇಳಿದ್ದೆ ನಾನು.
ಅವಳ ನಿಂಬೆಯನ್ನು ಮೀನಿಗೆ ಹಿಂಡಿಕೊಳ್ಳುತ್ತಲೇ ಹೇಳಿದ್ದೆ.

ಫೆಬ್ರವರಿಯ ಒಂದು ಮಂಗಳವಾರ
ಗೋಡೆ ಸುಮ್ಮನಿತ್ತು.
ಕಣ್ಣಿನ ಪೊರೆ ತೆಗೆಸಲು ಮಗಳು ಯುಮ್ನಾ ಕರೆದೊಯ್ದಿದ್ದಳಂತೆ,
ಹತ್ತು ದಿನ ಬಗ್ಗುವಂತಿಲ್ಲ, ಭಾರ ಎತ್ತುವಂತಿಲ್ಲ.
ಐದು ಗಂಟೆ ಆಗಲೇ ಇಲ್ಲ ಆವತ್ತು.
ನೇರ ಏಳಾಯಿತು.

ಮೂರನೆಯ ದಿನ ನಡುವಿನ ಗೇಟಿನಿಂದ ಇಣುಕಿದೆ.
ಬೇಡಲು ನಾಚಿದ ಅಂಗೈಯಂತೆ
ಎಲೆಗಳು ಒಳಕ್ಕೆ ಮಡಚಿದ್ದವು.
ಅದರ ಮೇಲೆ ಆಗ್ನೇಯದ ಗಾಳಿ ಬೇರೆ.

ಪೈಪು ಎಳೆದೆ. ನಲ್ಲಿ ತಿರುಗಿಸಹೋದ
ಕೈ ನಿಂತಿತು.
ಈ ಗಿಡ ಹೊಸ ನೀರಿನ ರುಚಿಯನ್ನೇ ಕಂಡಿಲ್ಲ.
ಯಾರದೋ ಮೈ, ಯಾರದೋ ಅನ್ನದ ಅಕ್ಕಿ ತೊಳೆದು
ಕೆಲಸ ಮುಗಿಸಿ ಬಂದ ನೀರೇ ಆಗಬೇಕು ಇದಕ್ಕೆ.
ಪೈಪು ಹಿಡಿದದ್ದು ಗೊತ್ತಾದರೆ
ಬಿಟ್ಟಾಳೆಯೇ ನನ್ನನ್ನು?

ಸ್ಪ್ಯಾನರುಗಳನ್ನು ಷೆಡ್ಡಿನ ನೆಲಕ್ಕೆ ಸುರಿದೆ.
ಅರವತ್ತೆಂಟು ವರ್ಷದ ಹೊಟ್ಟೆ ಹೊತ್ತು
ಒಂದು ಕಾಲು ಬಕೆಟ್ಟಿನೊಳಗೆ, ಒಂದು ಹೊರಗೆ,
ಕೊಕ್ಕರೆಯಂತೆ ನಿಂತು ಮಿಂದೆ.
ಟಣಟಣ. ಗುಳುಗುಳು.
ಈ ಬದಿಯಿಂದ ಸದ್ದು ಗೋಡೆ ದಾಟಿ ಹೋಯಿತು,
ಕೇಳುವವರಿರಲಿಲ್ಲ.
ಅವಳ ಮೆಟ್ಟಿಲು ನನ್ನ ದಾರಿಯಲ್ಲ,
ಆದರೂ ಏರಿ ಇಳಿದೆ, ತುಳುಕಿಸುತ್ತ;
ಪುದೀನದ ಪಾಲು ತಪ್ಪಿಸಲಾದೀತೆ?

ಬಂದಳು, ಮುಖದಗಲ ಕಪ್ಪು ಕನ್ನಡಕ.
ಹೇಗಿದ್ದೀ ಎನ್ನಲಿಲ್ಲ, ಚೀಲ ಇಳಿಸಲಿಲ್ಲ,
ಬಗ್ಗಬೇಡ ಎಂದ ಮಗಳ ಎದುರೇ ಬಗ್ಗಿ
ಬುಡದ ಮಣ್ಣು ಚಿವುಟಿ ಮೂಗಿಗೆ ಹಿಡಿದಳು.
“ಲ್ಯಾವೆಂಡರ್ ಸೋಪು, ನೆವಿಲ್!
ಈ ಘಮಘಮ ಇದಕ್ಕಾಗುವುದಿಲ್ಲ.
ನಾಳೆಯಿಂದ ಹಸಿರು ಬಾರ್ ಸೋಪು ಹಚ್ಚಿಕೋ.”

ನಾಳೆಯಿಂದ, ಎಂದಳು.
ನಾನು ತಿದ್ದಲಿಲ್ಲ.

ಸ್ಪ್ಯಾನರುಗಳು ಇನ್ನೂ ಷೆಡ್ಡಿನ ನೆಲದ ಮೇಲೇ ಇವೆ.