ರನ್

ಮೇನಿಯೋಟೋಟೋ ಬಯಲಿನ ಅಂಚಿಗೆ
ತಗಡಿನ ಗೂಡೊಂದರ ಕಿಟಕಿಯ ಹಿಂದೆ ಕೂತು
ಮೂವತ್ತೊಂದು ಬೇಸಿಗೆಯಿಂದ ಲೆಕ್ಕ ಬರೆಯುತ್ತಾಳೆ
ಮೋರಾಗ್ ಟಲಕ್.
ಎರಡು ಪೆನ್ಸಿಲು, ಒಂದು ರಬ್ಬರು, ಫ್ಲಾಸ್ಕಿನಲ್ಲಿ ಕಪ್ಪು ಚಹಾ.

ಅವಳ ಪುಸ್ತಕದಲ್ಲಿ ರನ್ ಅಂದರೆ ಒಂದು ಗೀಟು.
ಗುಡ್ಡದಾಚೆ ರನ್ ಅಂದರೆ ಕುರಿ ಮೇಯುವ ಸೀಮೆ.
ಅವಳಪ್ಪನಿಗಿತ್ತು ಒಂದು ರನ್:
ಮೂರು ಹೊಳೆ, ಏಳು ಸಾವಿರ ಕುರಿ,
ಉಣ್ಣೆಯ ದರ ಬಿದ್ದ ವರ್ಷ ಮಾರಿದ್ದು.
ನಮ್ಮ ಮಾತಲ್ಲಿ ಹೇಳಹೋದರೆ
‘ಓಟ ಮಾರಿದರು’ ಎಂದಾಗಿ ನಗು ಬರುತ್ತದೆ.
ಅವಳಿಗೆ ಬರಲಿಲ್ಲ.

ಅವರ ನಲ್ಲಿ ಓಡುತ್ತದೆ. ನಮ್ಮದು ಬರುತ್ತದೆ, ಬಂದರೆ.
ಅವರ ಮೂಗು ಓಡುತ್ತದೆ, ನಮ್ಮದು ಸೋರುತ್ತದೆ.
ಮಾರ್ಚಿನಲ್ಲಿ ಕಡಲು ಬಿಟ್ಟು ಸಾಲ್ಮನ್ ಮೀನು
ಹೊಳೆಯೇರುವುದೂ ಒಂದು ರನ್.
ಬಣ್ಣವೂ ಓಡುತ್ತದೆ: ಕೆಂಪು ಕಾಲುಚೀಲವೊಂದು ನುಸುಳಿ
ಇಡೀ ತಂಡದ ಬಿಳಿ ಅಂಗಿ ಇವತ್ತು ಗುಲಾಬಿ.
ಒಗೆದವಳು ಇವಳೇ.
(ನಮ್ಮ ಓಡಿಗೂ ಬೇರೆ ಮನೆಗಳಿವೆ,
ಒಡೆದ ಮಡಕೆಯ ಚೂರು, ತಲೆಯ ಚಿಪ್ಪು.
ಇಲ್ಲಿ ಯಾರಿಗೂ ಬೇಡದ ಸುದ್ದಿ.)

ಹದಿನೇಳಕ್ಕೆ ತಮ್ಮ ಕ್ಯಾಲಮ್ ಓಡಿಹೋದ.
ಇದೊಂದಕ್ಕೆ ಎರಡೂ ಭಾಷೆ
ಒಂದೇ ದಾರಿ ಹಿಡಿಯುತ್ತವೆ.

ಇನ್ನೊಂದಿದೆ. ಡುನೆಡಿನ್ನಿನ ಡಾಕ್ಟರು
ಕಡತ ಮುಚ್ಚಿ ಮೆಲ್ಲಗೆ ಅಂದದ್ದು:
ಇದು ನಿಮ್ಮ ಮನೆತನದಲ್ಲೇ ಓಡುತ್ತದೆ.
ಅಪ್ಪನ ಚಮಚ ತಟ್ಟೆಯಂಚಿಗೆ ಟಕಟಕ ಅನ್ನುತ್ತಿದ್ದದ್ದು
ಅವಳಿಗೆ ಆಗ ನೆನಪಾಯಿತು.
ಅವಳಿಗೆ ಮಕ್ಕಳಿಲ್ಲ.
ಇನ್ನು ಓಡಿ ಎಲ್ಲಿಗೆ ಹೋದೀತು?

ಮೂವತ್ತೆಂಟನೇ ಓವರು. ಕೊನೆಯ ಜೋಡಿ.
ಹೋನೆ ಪರಾಟಾ, ಹದಿನಾಲ್ಕರ ಹುಡುಗ,
ಈ ಬೇಸಿಗೆ ಪೂರ್ತಿ ಸೊನ್ನೆಯ ಮೇಲೆ ಸೊನ್ನೆ.
ಚೆಂಡು ಪ್ಯಾಡಿಗೆ ಬಡಿದು ಜಾರಿತು. ಓಡಿದ,
ಅಣ್ಣನ ದೊಗಳೆ ಪ್ಯಾಡು ತೊಡೆಗೆ ಬಡಿಯುತ್ತ,
ಬಾಯಿ ತೆರೆದುಕೊಂಡು, ಬೇಕಾದ್ದಕ್ಕಿಂತ ದೂರ ಓಡಿದ.
ಅಂಪೈರು ಕಾಲೆತ್ತಿ ಮಂಡಿ ಮುಟ್ಟಿದ:
ಲೆಗ್ ಬೈ.
ಓಟ ಹುಡುಗನದು, ರನ್ ಅವನದಲ್ಲ.

ಅವಳು ನೋಡಿದಳು. ನೋಡಿದೆನೆಂದು ಕೈಯೆತ್ತಿದಳು.
ಆಮೇಲೆ ಎಡಗೈಯಲ್ಲಿ ಬಲಮಣಿಕಟ್ಟು ಅದುಮಿ ಹಿಡಿದು
ನಡುಕ ಒಂದು ಉಸಿರಿನಷ್ಟು ನಿಂತಾಗ
ಹೋನೆಯ ಹೆಸರಿನ ಮುಂದೆ
ಎಳೆದಳು,
ನೆಟ್ಟಗಿಲ್ಲದ, ತುಸು ಮುಂದೆ ಬಾಗಿ
ಓಡುತ್ತಿರುವಂತೆ ಕಾಣುವ
ಒಂದು ಗೀಟು.