ಯಾತಕ್ಕೂ ಅಲ್ಲದ ಸ್ವಿಚ್ಚು

ನಂಬರು ಮಾತ್ರ ಮರೆತಿರಲಿಲ್ಲ.
ಮದುವೆಯ ದಿನವನ್ನು ಎರಡು ಸಲ ಮರೆತು ಬೈಸಿಕೊಂಡವನ
ನಾಲಗೆ ತುದಿಯಲ್ಲೇ ಇದ್ದವು
ಆ ಏಳು ಅಕ್ಷರ-ಅಂಕಿ, ನಲವತ್ತೈದು ವರ್ಷ.

ಗ್ರಿಮ್ಸ್‌ಬಿಯಲ್ಲಿ ಆಗ ಹಡಗುಗಳಿದ್ದವು.
ಅವುಗಳ ಎಂಜಿನ್ನಿನ ಹೊಟ್ಟೆಗೆ ಕೈ ಹಾಕಿ ಹೊಟ್ಟೆ ಹೊರೆದವ ನಾನು,
ಡೀಸೆಲ್ಲೂ ಮೀನೂ ಸಮಸಮ ನಾರುವ ಮೈ.
ಎಪ್ಪತ್ತನಾಲ್ಕರ ಡಿಸೆಂಬರಿನಲ್ಲಿ ಒಂದು ಲಾರಿ
ಮೂರು ಪೆಟ್ಟಿಗೆ, ದೋಣಿಯಂಥ ಒಂದು ಫೈಬರಿನ ಚಿಪ್ಪು
ಬಾಗಿಲಿಗೆ ಇಳಿಸಿ ಹೋಯಿತು.
'ಇದು ಕಾರೇ?' ಅಂದಳು ಪಕ್ಕದ ಮನೆಯ ಮಿಸೆಸ್ ಕಟ್‌ಫೋರ್ತ್.
'ಆಗುತ್ತೆ' ಅಂದೆ.

ಆಯಿತು, ಹದಿನಾಲ್ಕು ತಿಂಗಳಿಗೆ.
ಗುಜರಿಯ ಫೋರ್ಡಿನ ಎಂಜಿನ್ನು,
ಯಾರದೋ ವ್ಯಾನಿನ ಸ್ಟೀರಿಂಗು.
ಕಟ್ಟುವ ಪುಸ್ತಕದಲ್ಲಿ ಹನ್ನೊಂದನೇ ಪುಟವೇ ಇರಲಿಲ್ಲ,
ಹಾಗಾಗಿ ಆ ಪುಟದ್ದೆಲ್ಲ ನನ್ನ ಸ್ವಂತ ಬುದ್ಧಿ:
ಎಡಬಾಗಿಲು ಕೊನೆವರೆಗೂ ನೆಟ್ಟಗೆ ಮುಚ್ಚಲಿಲ್ಲ.

ಡ್ಯಾಶ್‌ಬೋರ್ಡಿನಲ್ಲಿ ಒಂದು ತೂತು ಹೆಚ್ಚಿಗೆ ಕೊರೆದಿದ್ದೆ.
ಮುಚ್ಚಬೇಕಲ್ಲ;
ಒಡೆಯಲು ನಿಂತ ಹಡಗೊಂದರಿಂದ
ಹಿತ್ತಾಳೆ ಸ್ವಿಚ್ಚು ಬಿಚ್ಚಿ ತಂದು ಕೂರಿಸಿದೆ.
ಹಿಂದೆ ಒಂದೆಳೆ ವೈರಿಲ್ಲ.
'ಇದು ಯಾತಕ್ಕೆ?' ಆರು ವರ್ಷದ ಹ್ಯಾಟಿ.
'ಹಾರೋದಕ್ಕೆ.'
ಲೌತ್ ದಾರಿಯ ಇಳಿಜಾರು ಬಂತೆಂದರೆ
ಕಣ್ಣು ಮುಚ್ಚಿ, ಹಲ್ಲು ಕಚ್ಚಿ
ಟಕ್ ಅನ್ನಿಸುತ್ತಿದ್ದಳು.

ಆಮೇಲೆ ಐಸ್‌ಲ್ಯಾಂಡಿನ ಕಡಲು ನಮ್ಮೂರಿಗೆ ಮುಚ್ಚಿತು.
ಕಟ್ಟೆಗೆ ಕಟ್ಟಿದ ಹಡಗು ಕಟ್ಟಿದಲ್ಲೇ ತುಕ್ಕು.
ಹೆಕ್ಸಮ್ಮಿನ ಹಲ್ಲು ಡಾಕ್ಟರು
ನಾನೂರ ಹತ್ತು ಪೌಂಡು ಎಣಿಸಿ ಕೊಟ್ಟ,
ಚೌಕಾಸಿಯನ್ನೂ ಮಾಡಲಿಲ್ಲ.
ಮಾಡಬೇಕಿತ್ತು.

ಈಗ ಮಂಡಿ ಬದಲಾಯಿಸಿದ್ದಾರೆ, ಪುರಸೊತ್ತಿದೆ.
ಕಾಗದ ಬರೆದೆ. ಡಾಕ್ಟರು ಸತ್ತು ಇಪ್ಪತ್ತು ವರ್ಷ, ಮಗ ಉತ್ತರಿಸಿದ:
ಅಪ್ಪ ಅದನ್ನು ಕೆಲ್ಸೋದ ಪಾದ್ರಿಗೆ ಮಾರಿದರು.
ಅಂದ ಹಾಗೆ, ಆ ಹಿತ್ತಾಳೆ ಸ್ವಿಚ್ಚು ಯಾತಕ್ಕಿತ್ತು?
ಎರಡು ಬೇಸಿಗೆ ಅಪ್ಪ ಅದರ ವೈರು ಹುಡುಕಿದರು.

ಪಾದ್ರಿಗೆ ತೊಂಬತ್ತೊಂದು, ಕಿವಿ ಮಂದ.
'ಅದನ್ನು ಹಾಕಿದವ ನೀನೇನಾ?' ಫೋನಿನಲ್ಲೇ ಗದರಿದ.
'ಮಂಜಿನ ದೀಪ ಅಂದುಕೊಂಡು
ಆರು ಬಲ್ಬು ಕೊಂಡೆನಪ್ಪಾ!'

ಇನ್ವರ್ನೆಸ್ಸಿನ ನರ್ಸ್ ಇಷ್ಬೆಲ್ ನಕ್ಕಳು:
'ವಿಚ್ಛೇದನದಲ್ಲಿ ನಾಯಿ ಅವನಿಗೆ, ಕಾರು ನನಗೆ.
ನಾಯಿ ಕೇಳಬೇಕಿತ್ತು.'
ಅವಳೊಬ್ಬಳು ಸ್ವಿಚ್ಚಿನ ಮಾತೆತ್ತಲಿಲ್ಲ.

ಹೀಗೆ ಊರಿಂದೂರು ಮೇಲೆ ಮೇಲೆ ಹತ್ತಿ
ನೆಲ ಮುಗಿಯುವ ಕಡೆ, ಥರ್ಸೋದಲ್ಲಿ,
ವೆಲ್ಡಿಂಗ್ ಮಾಡುವ ಹುಡುಗಿ ಮೋರಗ್ ಗನ್
ಶೆಡ್ಡಿನ ಬಾಗಿಲು ಸರಿಸಿದಳು.

ಹಸಿರು ಬಳಿದಿದ್ದಾರೆ.
ಉಗುರಲ್ಲಿ ಕೆರೆದರೆ ಕೆಂಪು, ಅದರಡಿ ನೀಲಿ,
ಇನ್ನೂ ಕೆರೆದರೆ ನನ್ನ ಸಾಸಿವೆ ಹಳದಿ, ಅಕ್ಕಿಕಾಳಿನಷ್ಟು.
ಎಂಜಿನ್ನು ನನ್ನದಲ್ಲ. ಗಾಲಿ ನನ್ನದಲ್ಲ. ಸೀಟೂ ಅಲ್ಲ.
ಎಡಬಾಗಿಲು ನೆಟ್ಟಗೆ ಮುಚ್ಚಿತು.
ಯಾಕೋ ಅದೇ ಚುಚ್ಚಿತು.

'ಬನ್ನಿ, ಒಂದು ಸುತ್ತು' ಅಂದಳು ಮೋರಗ್.
ಕೂತೆ, ಹೊಸ ಮಂಡಿ ಮಡಚಲು ಒದ್ದಾಡಿ.
ಕೀಲಿ ತಿರುವುವ ಮೊದಲು ಅವಳ ಬೆರಳು
ಹಿತ್ತಾಳೆಯ ಮೇಲೆ ಹೋಯಿತು:
ಟಕ್.
'ಅದ್ಯಾಕೆ?'
'ಗೊತ್ತಿಲ್ಲ. ಇಷ್ಬೆಲ್ ಹೇಳಿದ್ದಳು,
ಮೊದಲು ಇದು, ಆಮೇಲೆ ಕೀಲಿ;
ಇಲ್ಲದಿದ್ದರೆ ಇದು ಮುನಿಸಿಕೊಳ್ಳುತ್ತೆ ಅಂತ.
ಯಾತಕ್ಕಿದು?'
ಎಂಜಿನ್ನಿನ ಸದ್ದು ಜೋರಿತ್ತು.
ಕೇಳಿಸದವನ ಹಾಗೆ ಕಡಲು ನೋಡಿದೆ.

ರಾತ್ರಿ ಹೋಟೆಲಿನಿಂದ ಹ್ಯಾಟಿಗೆ ಫೋನು.
ಐವತ್ತು ದಾಟಿದವಳು, ಕನ್ನಡಕ ಹುಡುಕುತ್ತಿದ್ದಳು.
'ಯಾವ ಸ್ವಿಚ್ಚಪ್ಪಾ?
ನನಗೆ ನೆನಪಿರೋದು ಲೌತ್ ಹತ್ತಿರ ವಾಂತಿ ಮಾಡಿದ್ದು,
ನೀನು ನಿನ್ನ ಟೋಪಿಯಲ್ಲಿ ಹಿಡಿದದ್ದು.'

ಟೋಪಿಯದು ನನಗೆ ನೆನಪಿರಲಿಲ್ಲ.

ಹೆಕ್ಸಮ್ಮಿಗೆ ಉತ್ತರ ಇನ್ನೂ ಬಾಕಿ.
ಎರಡು ಹಾಳೆ ಹರಿದೆ.
ಮಂಜಿನ ದೀಪಕ್ಕೆ ಅಂತ ಬರೆದುಬಿಡಲೇ?