ಲಾಯಿತು

ಪರದೆಯ ಬಲಮೂಲೆಯ ಮೊಟ್ಟೆಯೊಳಗೆ
ನಾನಿರುತ್ತೇನೆ, ಸೊಂಟದಿಂದ ಮೇಲಕ್ಕೆ.
ಕಪ್ಪು ಅಂಗಿ, ಉಂಗುರವಿಲ್ಲದ ಬೆರಳು,
ಲುಬ್ಲಿಯಾನಾದಿಂದ ಸಂಜೆ ಏಳರ ಸುದ್ದಿ.

ವಾರ್ತೆ ಓದುವ ಮೆತ್ಕಾಳ ದನಿ
ಇಸ್ತ್ರಿ ಮಾಡಿ ಮಡಿಸಿಟ್ಟ ಕರವಸ್ತ್ರ:
ಚೌಕದಲ್ಲಿ ಘರ್ಷಣೆ ಸಂಭವಿಸಿತು.
ಕೆಲವರಿಗೆ ಗಾಯವಾಯಿತು. ಗುಂಪನ್ನು ಚದುರಿಸಲಾಯಿತು.
ಚಿತ್ರದಲ್ಲಿ ಉರಿಯುವ ಒಂದೇ ಕಸದತೊಟ್ಟಿ,
ನಾಲ್ಕು ಸಲ.

ಲಾಯಿತು.
ಎಂಥ ಅನುಕೂಲದ ಬಾಲ!
ಆಸ್ಪತ್ರೆ ಮುಚ್ಚಲಾಯಿತು, ಪಿಂಚಣಿ ಪರಿಷ್ಕರಿಸಲಾಯಿತು,
ಮಾಡಿದವನು ಕೋಟು ತೊಟ್ಟು ಹಿಂಬಾಗಿಲಿಂದ ಹೋದ.
ಶಾಲೆಯಲ್ಲಿ ಕಲಿತದ್ದು ಕರ್ತರಿ, ಕರ್ಮಣಿ;
ಸುದ್ದಿಮನೆಯಲ್ಲಿ ಕರ್ತೃವಿಗೇ ಕತ್ತರಿ.

ಆದರೆ ಕೈಗೆ ಈ ಬಾಲವಿಲ್ಲ.
ನಮ್ಮ ಸನ್ನೆಯಲ್ಲಿ ತಳ್ಳುವುದೆಂದರೆ
ಇಲ್ಲಿಂದ ಹೊರಟು ಅಲ್ಲಿಗೆ ಮುಟ್ಟಬೇಕು ಅಂಗೈ.
ಎಡಕ್ಕೆ ನರ್ಸುಗಳನ್ನು ನಿಲ್ಲಿಸಿದ್ದೆ,
ಬಲಕ್ಕೆ ಗುರಾಣಿಗಳನ್ನು.
ಯಾವ ಕಡೆಯಿಂದ ಹೊರಡಲಿ?
ಇದ್ದದ್ದು ಎರಡು ಸೆಕೆಂಡು.
ಎರಡು ಮುಷ್ಟಿ ನಡುಗಾಳಿಯಲ್ಲಿ ಗುದ್ದಿಕೊಂಡವು,
ಯಾರೂ ಅಲ್ಲದವರು ಯಾರಿಗೋ ಬಡಿದರು.
ಅಷ್ಟರಲ್ಲಿ ಸ್ಕೀ ಪಂದ್ಯ, ಹವಾಮಾನ,
ಎತ್ತರದ ಕಣಿವೆಗಳಲ್ಲಿ ಹೊಸ ಹಿಮ.

ಪ್ತುಯ್ ಊರಲ್ಲಿ ಅಪ್ಪ ನೋಡುತ್ತಿರುತ್ತಾನೆ.
ಮೂವತ್ತೊಂದು ವರ್ಷ ಟೋಪಿ ಕಾರ್ಖಾನೆಯಲ್ಲಿ
ಯಂತ್ರದ ಸದ್ದನ್ನು ಅಂಗಾಲಿನಿಂದ ಕೇಳಿದವನು.
ಮೆತ್ಕಾ ಯಾರೋ ಅವನಿಗೆ ಗೊತ್ತಿಲ್ಲ;
ಅವನ ಪಾಲಿನ ದೇಶವೆಲ್ಲ
ಆ ಮೊಟ್ಟೆಯೊಳಗಿದೆ.
ರಾತ್ರಿ ಫೋನಿನ ಕಿಟಕಿಯಲ್ಲಿ ಕೈಯೆತ್ತಿ ಕೇಳಿದ:
ಹುಷಾರಿಲ್ಲವಾ ಮಗಳೇ?
ಇವತ್ತು ನಿನ್ನ ಕೈ ತೊದಲಿತು.

ಚಳಿ, ಅಂದೆ.

ಅವನು ನಂಬಲಿಲ್ಲ.
ಅಡುಗೆಮನೆಯ ಮೇಜಿನ ಮೇಲೆ
ಉಪ್ಪಿನ ಡಬ್ಬಿ ಎಡಕ್ಕಿಟ್ಟ, ಮೆಣಸಿನದು ಬಲಕ್ಕೆ,
ನಡುವೆ ತೋರುಬೆರಳೂರಿ ಕಾದ,
ಹುಬ್ಬು ಗಂಟಿಕ್ಕಿ. ನಮ್ಮಲ್ಲಿ
ಪ್ರಶ್ನೆಚಿಹ್ನೆ ಇರುವುದು ಹುಬ್ಬಿನಲ್ಲೇ.

ನನ್ನ ಕೆಲಸ ನೆನಪಾಯಿತು, ಮನೆಯ ಕಂತು,
ನಿರ್ಮಾಪಕರು ಹೋದ ವಾರ ನಗುತ್ತ ಹೇಳಿದ್ದು:
ಮೊಟ್ಟೆಯನ್ನು ಇನ್ನೂ ಸಣ್ಣದು ಮಾಡಬಹುದು.

ಮೆಣಸು, ಅಂದೆ.

ಅಪ್ಪ ಮೆಣಸಿನ ಡಬ್ಬಿಯನ್ನು ನಿಧಾನಕ್ಕೆ ನೂಕಿದ,
ಉಪ್ಪು ಉರುಳಿತು, ಮೇಜುಬಟ್ಟೆ ತುಂಬ ಬಿಳಿ.
ಒರೆಸಲಿಲ್ಲ.
ಫೋನನ್ನು ಅದರ ಮೇಲೆ ಬಾಗಿಸಿ ಹಿಡಿದು
ಹಾಗೇ ತೋರಿಸಿದ, ಬಹಳ ಹೊತ್ತು,
ಒಂದಿಷ್ಟೂ ಅಲ್ಲಾಡಿಸದೆ.